ತಾತ್ಕಾಲಿಕ ಫೈಲ್‌ಗಳ ರ‍್ಯಾಮ್ ಡಿಸ್ಕ್ ಕೈಕೊಟ್ಟಾಗ: ರೀಸ್ಟಾರ್ಟ್‌ಗೆ ಮೊದಲು ಮಾಡಬೇಕಾದ ಕೆಲಸಗಳು, ಕ್ರಮವಾಗಿ

ಹಾಸನದ ಡಿಟಿಪಿ ಕೇಂದ್ರಗಳು, ಫ್ಲೆಕ್ಸ್ ಅಂಗಡಿಗಳು ಮತ್ತು ಮದುವೆ ಆಲ್ಬಮ್ ಮಾಡುವ ಸ್ಟುಡಿಯೊಗಳಿಂದ ನನಗೆ ಬರುವ ಕರೆಗಳಲ್ಲಿ ಒಂದು ದೂರು ಮತ್ತೆ ಮತ್ತೆ ಕೇಳಿಬರುತ್ತಿದೆ. ತಾತ್ಕಾಲಿಕ ಫೈಲ್‌ಗಳಿಗೆಂದು ಮಾಡಿಕೊಂಡ ರ‍್ಯಾಮ್ ಡಿಸ್ಕ್ (ಕಂಪ್ಯೂಟರಿನ ಮೆಮೊರಿಯ, ಅಂದರೆ ರ‍್ಯಾಮಿನ, ಒಂದು ಭಾಗವನ್ನೇ ಡ್ರೈವಿನಂತೆ ಬಳಸುವ ಏರ್ಪಾಡು) ತುಂಬಿದೆ ಎನ್ನುತ್ತದೆ, ಇಲ್ಲವೇ ಬೆಳಿಗ್ಗೆ ಅಂಗಡಿ ತೆರೆದಾಗ ಆ ಡ್ರೈವ್ ಕಾಣಿಸುವುದೇ ಇಲ್ಲ, ಇಲ್ಲವೇ ಹೊಸ ಸಾಫ್ಟ್‌ವೇರ್ ಇನ್‌ಸ್ಟಾಲ್ ಆಗದೆ ಅರ್ಧಕ್ಕೆ ನಿಲ್ಲುತ್ತದೆ. ಕರೆ ಮಾಡುವ ಹೊತ್ತಿಗೆ ಬಹುತೇಕರು ಒಂದು ಕೆಲಸವನ್ನು ಆಗಲೇ ಮಾಡಿ ಮುಗಿಸಿರುತ್ತಾರೆ: ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿರುತ್ತಾರೆ. ಬೇರೆ ಎಷ್ಟೋ ತೊಂದರೆಗಳಿಗೆ ಅದು ಸರಿಯಾದ ಮೊದಲ ಹೆಜ್ಜೆ. ರ‍್ಯಾಮ್ ಡಿಸ್ಕಿನ ವಿಷಯದಲ್ಲಿ ಮಾತ್ರ ಅದು ಕೊನೆಯ ಹೆಜ್ಜೆಯಾಗಬೇಕು, ಏಕೆಂದರೆ ರೀಸ್ಟಾರ್ಟ್ ಆದೊಡನೆ ಅದರಲ್ಲಿದ್ದ ಫೈಲ್‌ಗಳೂ ಹೋಗುತ್ತವೆ, ತೊಂದರೆ ಯಾವುದೆಂದು ತಿಳಿಸಬಹುದಾಗಿದ್ದ ಕುರುಹುಗಳೂ ಹೋಗುತ್ತವೆ.

ಕೆಳಗಿನ ಹಂತಗಳನ್ನು ವಿಂಡೋಸ್ 10 ಮತ್ತು 11ನ್ನು ಮನಸ್ಸಿನಲ್ಲಿಟ್ಟು ಬರೆದಿದ್ದೇನೆ. ಲಿನಕ್ಸ್ ಬಳಸುವವರಿಗೆ ಬೇಕಾದದ್ದು ಎಂಟನೆಯ ಹಂತದಲ್ಲಿದೆ. ಮೊದಲ ಎರಡು ಹಂತಗಳ ಕ್ರಮವನ್ನು ದಯವಿಟ್ಟು ಬದಲಿಸಬೇಡಿ, ಅಲ್ಲಿಂದ ಯಾವ ಹಂತಕ್ಕೆ ಹೋಗಬೇಕೆಂದು ಎರಡನೆಯದರಲ್ಲಿ ಹೇಳಿದ್ದೇನೆ.

ಕೈಯಲ್ಲಿ ಇರಬೇಕಾದವು

ರ‍್ಯಾಮ್ ಡಿಸ್ಕಿನ ಒಟ್ಟು ಗಾತ್ರಕ್ಕಿಂತ ಹೆಚ್ಚು ಜಾಗವಿರುವ ಪೆನ್‌ಡ್ರೈವ್ ಅಥವಾ ಹೊರಗಿನ ಹಾರ್ಡ್ ಡಿಸ್ಕ್ ಒಂದು ಬೇಕು. ಯಾವ ಫೋಲ್ಡರ್ ಎಷ್ಟು ಜಾಗ ತಿಂದಿದೆ ಎಂದು ತೋರಿಸುವ ವಿನ್‌ಡಿರ್‌ಸ್ಟ್ಯಾಟ್‌ನಂತಹ ಉಚಿತ ಸಾಧನ ಬೇಕು. ಮೆಮೊರಿ ಪರೀಕ್ಷೆಗೆ ಮೆಮ್‌ಟೆಸ್ಟ್86 ತುಂಬಿದ ಇನ್ನೊಂದು ಪೆನ್‌ಡ್ರೈವನ್ನು ಮೊದಲೇ ಮಾಡಿಟ್ಟುಕೊಳ್ಳುವುದು ಒಳ್ಳೆಯದು. ಇವೆಲ್ಲದರ ಜೊತೆಗೆ ಒಂದು ಕಾಗದ ಮತ್ತು ಪೆನ್ನು ಇರಲಿ. ತೆರೆಯ ಮೇಲೆ ಬಂದ ಸಂದೇಶವನ್ನು ಬರೆದುಕೊಳ್ಳದೆ ಮುಚ್ಚಿಬಿಡುವುದರಿಂದ ಹಾಳಾಗುವ ಸಮಯ ದೊಡ್ಡದು.

ಹಂತ 1: ಮೊದಲು ಒಳಗಿರುವುದನ್ನು ಹೊರಗೆ ತನ್ನಿ

ತೆರೆದಿರುವ ಯಾವ ಪ್ರೋಗ್ರಾಮನ್ನೂ ಮುಚ್ಚಬೇಡಿ. ಅನೇಕ ಪ್ರೋಗ್ರಾಮುಗಳು ಮುಚ್ಚುವಾಗ ತಮ್ಮ ತಾತ್ಕಾಲಿಕ ಫೈಲ್‌ಗಳನ್ನು ತಾವೇ ಅಳಿಸುತ್ತವೆ. ಕೈಯಲ್ಲಿರುವ ಕೆಲಸವನ್ನು "ಸೇವ್ ಆ್ಯಸ್" ಮೂಲಕ ರ‍್ಯಾಮ್ ಡಿಸ್ಕ್ ಅಲ್ಲದ ಜಾಗಕ್ಕೆ, ಅಂದರೆ ಕಂಪ್ಯೂಟರಿನ ಶಾಶ್ವತ ಡಿಸ್ಕಾದ ಎಸ್‌ಎಸ್‌ಡಿಗೆ ಅಥವಾ ಪೆನ್‌ಡ್ರೈವಿಗೆ ಉಳಿಸಿ. ಆನಂತರ ಫೈಲ್ ಎಕ್ಸ್‌ಪ್ಲೋರರಿನಲ್ಲಿ ಅಡಗಿದ ಫೈಲ್‌ಗಳು ಕಾಣುವಂತೆ ಮಾಡಿಕೊಂಡು, ರ‍್ಯಾಮ್ ಡಿಸ್ಕಿನಲ್ಲಿರುವ ಎಲ್ಲವನ್ನೂ ಹೊರಗಿನ ಡಿಸ್ಕಿಗೆ ಕಾಪಿ ಮಾಡಿ. ಕಟ್ ಮಾಡಬೇಡಿ, ಕಾಪಿ ಮಾಡಿ. ಬಳಕೆಯಲ್ಲಿರುವ ಕೆಲವು ಫೈಲ್‌ಗಳು ಕಾಪಿಯಾಗಲು ಒಪ್ಪುವುದಿಲ್ಲ. ಅವುಗಳನ್ನು ಬಿಟ್ಟು ಮುಂದುವರಿಯಿರಿ.

"ತಾತ್ಕಾಲಿಕ ಫೈಲ್‌ಗಳು ತಾನೆ, ಹೋದರೆ ಹೋಗಲಿ" ಎಂದು ಹೇಳುವವರಿದ್ದಾರೆ. ಆದರೆ ತಾತ್ಕಾಲಿಕ ಫೋಲ್ಡರಿನಲ್ಲಿ ತಾತ್ಕಾಲಿಕವಲ್ಲದ ಕೆಲಸ ಸೇರಿಕೊಳ್ಳುವ ದಾರಿಗಳು ಹಲವಿವೆ. ಜಿಪ್ ಫೈಲನ್ನು ಬಿಚ್ಚದೆ, ಅದರೊಳಗಿನ ಕಡತವನ್ನು ನೇರವಾಗಿ ಕ್ಲಿಕ್ಕಿಸಿ ತೆರೆದರೆ ವಿಂಡೋಸ್ ಅದರ ಒಂದು ಪ್ರತಿಯನ್ನು ಟೆಂಪ್ (ತಾತ್ಕಾಲಿಕ ಫೈಲ್‌ಗಳ) ಫೋಲ್ಡರಿಗೆ ಹಾಕಿ ತೆರೆಯುತ್ತದೆ. ಗಿರಾಕಿ ಇಮೇಲಿನಲ್ಲಿ ಕಳಿಸಿದ ಕಡತವನ್ನು ಅಲ್ಲಿಂದಲೇ ತೆರೆದು ತಿದ್ದಿದರೂ ಬಹಳ ಸಲ ಹೀಗೆಯೇ ಆಗುತ್ತದೆ. ಎರಡು ಗಂಟೆ ಕೂತು ತಿದ್ದಿ ಸೇವ್ ಒತ್ತಿದ್ದೇನೆ ಎಂದು ನೀವು ನಂಬಿರುತ್ತೀರಿ, ಸೇವ್ ಆಗಿರುವುದು ಮಾತ್ರ ರ‍್ಯಾಮ್ ಡಿಸ್ಕಿನಲ್ಲಿ. ಕೆಲವು ಸಾಫ್ಟ್‌ವೇರ್‌ಗಳು ತಮ್ಮ ಆಟೊ ಬ್ಯಾಕಪ್ ಪ್ರತಿಗಳನ್ನೂ ಟೆಂಪ್ ಫೋಲ್ಡರಿನಲ್ಲಿಯೇ ಇಡುತ್ತವೆ. ಒಮ್ಮೆ ಮದುವೆಯ ಹಿಂದಿನ ದಿನ ಒಂದು ಅಂಗಡಿಯಲ್ಲಿ ನಾನೇ ಅವಸರಪಟ್ಟು ರೀಸ್ಟಾರ್ಟ್ ಒತ್ತಿ, ಆಮಂತ್ರಣ ಪತ್ರಿಕೆಯ ತಿದ್ದಿದ ಪುಟಗಳನ್ನು ಕಳೆದಿದ್ದೇನೆ. ಅಂಗಡಿಯ ಹುಡುಗ ರಾತ್ರಿಯೆಲ್ಲ ಕೂತು ಮತ್ತೆ ಟೈಪ್ ಮಾಡಬೇಕಾಯಿತು. ಈ ಹಂತವನ್ನು ಮೊದಲಿಗೆ ಇಟ್ಟಿರುವುದು ಆ ಕಾರಣಕ್ಕೆ.

ಕಾಪಿ ಮುಗಿದ ಮೇಲೆ ಆ ಪ್ರತಿಗಳಲ್ಲಿ ಎರಡು ಮೂರನ್ನಾದರೂ ತೆರೆದು ನೋಡಿ. ತೆರೆಯದಿದ್ದರೆ ಅದನ್ನು ಕಾಗದದ ಮೇಲೆ ಗುರುತು ಮಾಡಿ, ಏಳನೆಯ ಹಂತದಲ್ಲಿ ಆ ಗುರುತು ಬೇಕಾಗುತ್ತದೆ.

ಹಂತ 2: ಲಕ್ಷಣವನ್ನು ಸರಿಯಾಗಿ ಗುರುತಿಸಿ

ಬಂದ ಸಂದೇಶವನ್ನು ಬರೆದುಕೊಂಡ ಮೇಲೆ ನಾಲ್ಕು ಪ್ರಶ್ನೆಗಳಿಗೆ ಉತ್ತರ ಬರೆಯಿರಿ. "ದಿಸ್ ಪಿಸಿ"ಯಲ್ಲಿ ಡ್ರೈವ್ ಕಾಣಿಸುತ್ತಿದೆಯೇ? ಕಾಣಿಸಿದರೆ ಖಾಲಿ ಜಾಗ ಎಷ್ಟಿದೆ? ಅದರೊಳಗೆ ಟೆಂಪ್ ಹೆಸರಿನ ಫೋಲ್ಡರ್ ಇದೆಯೇ? ನೋಟ್‌ಪ್ಯಾಡಿನಿಂದ ಒಂದು ಸಣ್ಣ ಫೈಲನ್ನು ಆ ಫೋಲ್ಡರಿಗೆ ಉಳಿಸಲು ಆಗುತ್ತದೆಯೇ?

ಡ್ರೈವ್ ಇದ್ದು ತುಂಬಿದ್ದರೆ ಮೂರನೆಯ ಹಂತಕ್ಕೆ ಹೋಗಿ. ಡ್ರೈವ್ ಇದ್ದು ಫೋಲ್ಡರ್ ಇಲ್ಲದಿದ್ದರೆ, ಅಥವಾ ಸಣ್ಣ ಫೈಲ್ ಕೂಡ ಉಳಿಯದಿದ್ದರೆ ಐದನೆಯದು ನಿಮ್ಮದು. ಡ್ರೈವೇ ಇಲ್ಲದಿದ್ದರೆ ಆರನೆಯದು. ಇವು ಯಾವುವೂ ಅಲ್ಲದೆ ಕಂಪ್ಯೂಟರ್ ಮಾತ್ರ ತೀರಾ ನಿಧಾನವಾಗಿದ್ದರೆ ನಾಲ್ಕನೆಯ ಹಂತವನ್ನು ಓದಿ.

ಹಂತ 3: ತುಂಬಿದ್ದರೆ, ಯಾರು ತುಂಬಿದರು ಎಂದು ಹುಡುಕಿ

ಮೊದಲು ನೋಡಬೇಕಾದದ್ದು ರೀಸೈಕಲ್ ಬಿನ್. ಅನೇಕ ರ‍್ಯಾಮ್ ಡಿಸ್ಕ್‌ಗಳಲ್ಲಿ ಅಳಿಸಿದ ಫೈಲ್ ಅದೇ ಡ್ರೈವಿನ ರೀಸೈಕಲ್ ಬಿನ್ನಿಗೆ ಸೇರುತ್ತದೆಯೇ ಹೊರತು ಮೆಮೊರಿಯನ್ನು ಬಿಡುವುದಿಲ್ಲ. ಗಂಟೆಗಟ್ಟಲೆ ಅಳಿಸಿದರೂ ಜಾಗ ಹೆಚ್ಚುತ್ತಿಲ್ಲ ಎಂದರೆ ಕಾರಣ ಬಹುಪಾಲು ಇದೇ. ಬಿನ್ ಖಾಲಿ ಮಾಡಿ. ಅದರ ಪ್ರಾಪರ್ಟೀಸ್‌ನಲ್ಲಿ ಆ ಡ್ರೈವಿನ ಹೆಸರು ಕಂಡರೆ, ಅಳಿಸಿದ್ದನ್ನು ಬಿನ್ನಿಗೆ ಹಾಕದೆ ನೇರವಾಗಿ ತೆಗೆಯುವ ಆಯ್ಕೆಯನ್ನು ಆ ಡ್ರೈವಿಗೆ ಮಾತ್ರ ಕೊಡಿ.

ಆಮೇಲೆ ವಿನ್‌ಡಿರ್‌ಸ್ಟ್ಯಾಟಿನಲ್ಲಿ ಡ್ರೈವನ್ನು ತೆರೆದು ದೊಡ್ಡ ಫೋಲ್ಡರ್‌ಗಳನ್ನು ನೋಡಿ. ನಮ್ಮ ಕಡೆಯ ಅಂಗಡಿಗಳಲ್ಲಿ ನಾನು ಹೆಚ್ಚಾಗಿ ಕಂಡಿರುವುದು ಮೂರು ಬಗೆ: ಬ್ರೌಸರಿನ ಕ್ಯಾಶ್ (ನೋಡಿದ ಪುಟಗಳ ಉಳಿಸಿಟ್ಟ ಪ್ರತಿಗಳು), ಅರ್ಧಕ್ಕೆ ನಿಂತ ಇನ್‌ಸ್ಟಾಲರ್‌ಗಳು ಬಿಚ್ಚಿಟ್ಟ ಫೈಲ್‌ಗಳು, ಮತ್ತು ಫೋಟೊಶಾಪಿನ ಸ್ಕ್ರ್ಯಾಚ್ ಫೈಲ್. ಕೊನೆಯದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಫೋಟೊಶಾಪ್ ಸ್ಕ್ರ್ಯಾಚ್ ಡಿಸ್ಕನ್ನು ಮುಖ್ಯವಾಗಿ ಬಳಸುವುದು ತನಗೆ ರ‍್ಯಾಮ್ ಸಾಲದಿದ್ದಾಗ. ಅದೇ ರ‍್ಯಾಮಿನಿಂದ ಒಂದು ಭಾಗ ಕಿತ್ತು ಡಿಸ್ಕ್ ಮಾಡಿ, ಅದನ್ನೇ ಸ್ಕ್ರ್ಯಾಚ್ ಎಂದು ತೋರಿಸಿದರೆ ಕೊರತೆಯನ್ನು ನಾವೇ ಉಂಟುಮಾಡಿ ನಾವೇ ತುಂಬಿದಂತಾಗುತ್ತದೆ, ವೇಗವೇನೂ ಹೆಚ್ಚುವುದಿಲ್ಲ. ಆಲ್ಬಮ್ ಕೆಲಸದಲ್ಲಿ ಲೇಯರ್‌ಗಳು ಹೆಚ್ಚಿದಂತೆ ಸ್ಕ್ರ್ಯಾಚ್ ಫೈಲ್ ಹಲವು ಜಿಬಿಗಳಿಗೆ ಬೆಳೆಯುತ್ತದೆ, 4 ಜಿಬಿಯ ರ‍್ಯಾಮ್ ಡಿಸ್ಕ್ ಅದನ್ನು ತಡೆಯಲಾರದು. ಫೋಟೊಶಾಪಿನ ಪ್ರಿಫರೆನ್ಸಸ್‌ನಲ್ಲಿ ಸ್ಕ್ರ್ಯಾಚ್ ಡಿಸ್ಕನ್ನು ಎಸ್‌ಎಸ್‌ಡಿಗೆ ಬದಲಿಸಿ.

ಫೋಲ್ಡರ್ ಯಾವ ಪ್ರೋಗ್ರಾಮಿನದೆಂದು ಗೊತ್ತಾಗದಿದ್ದರೆ ರಿಸೋರ್ಸ್ ಮಾನಿಟರ್ ತೆರೆದು, ಸಿಪಿಯು ಪುಟದ ಅಸೋಸಿಯೇಟೆಡ್ ಹ್ಯಾಂಡಲ್ಸ್ ಹುಡುಕು ಪೆಟ್ಟಿಗೆಯಲ್ಲಿ ಆ ಫೋಲ್ಡರಿನ ಹೆಸರು ಕೊಡಿ. ಅದನ್ನು ಹಿಡಿದುಕೊಂಡಿರುವ ಪ್ರೋಗ್ರಾಮಿನ ಹೆಸರು ಸಿಗುತ್ತದೆ.

ಜಾಗ ಧಾರಾಳವಾಗಿದ್ದೂ "ಫೈಲ್ ತುಂಬಾ ದೊಡ್ಡದು" ಎಂಬ ಸಂದೇಶ ಬಂದರೆ ಡ್ರೈವಿನ ಪ್ರಾಪರ್ಟೀಸ್‌ನಲ್ಲಿ ಫೈಲ್ ಸಿಸ್ಟಮ್ ನೋಡಿ. ಎಫ್‌ಎಟಿ32 ಇದ್ದರೆ 4 ಜಿಬಿ ಅಥವಾ ಅದಕ್ಕಿಂತ ದೊಡ್ಡದಾದ ಒಂದೇ ಫೈಲನ್ನು ಅದು ಹಿಡಿಯುವುದಿಲ್ಲ. ಎನ್‌ಟಿಎಫ್‌ಎಸ್ ಆಗಿ ಮತ್ತೆ ರಚಿಸಿದರೆ ತೊಂದರೆ ತೀರುತ್ತದೆ.

ಹಂತ 4: ಗಾತ್ರವನ್ನು ಅಳೆದು ನಿರ್ಧರಿಸಿ

ರ‍್ಯಾಮ್ ಡಿಸ್ಕ್ ತುಂಬಿತೆಂದು ಅದರ ಗಾತ್ರವನ್ನು ದುಪ್ಪಟ್ಟು ಮಾಡುವುದು ಸಾಮಾನ್ಯ ತಪ್ಪು. ಮೆಮೊರಿ ಸಾಲದಾದಾಗ ವಿಂಡೋಸ್ ಪ್ರೋಗ್ರಾಮುಗಳ ದತ್ತಾಂಶವನ್ನು ಎಸ್‌ಎಸ್‌ಡಿಯ ಪೇಜ್ ಫೈಲಿಗೆ ಸಾಗಿಸಲು ತೊಡಗುತ್ತದೆ. ಆಗ ತಾತ್ಕಾಲಿಕ ಫೈಲ್‌ಗಳು ವೇಗದ ರ‍್ಯಾಮಿನಲ್ಲಿ ಕುಳಿತಿರುತ್ತವೆ, ನೀವು ಕೆಲಸ ಮಾಡುತ್ತಿರುವ ಪ್ರೋಗ್ರಾಮ್ ನಿಧಾನದ ಡಿಸ್ಕಿನಲ್ಲಿ ಓಡಾಡುತ್ತಿರುತ್ತದೆ.

ಅಳೆಯುವ ಬಗೆ ಇದು. ರ‍್ಯಾಮ್ ಡಿಸ್ಕನ್ನು ತಾತ್ಕಾಲಿಕವಾಗಿ ತೆಗೆದು (ಅದಕ್ಕೂ ಮೊದಲು ಟೆಂಪ್ ಸಾಲುಗಳನ್ನು ಹತ್ತನೆಯ ಹಂತದಲ್ಲಿ ಹೇಳಿದಂತೆ ಹಳೆಯ ಜಾಗಕ್ಕೆ ತಿರುಗಿಸಿ), ದಿನದ ಅತ್ಯಂತ ಭಾರದ ಕೆಲಸಕ್ಕೆ ಬೇಕಾದ ಎಲ್ಲ ಪ್ರೋಗ್ರಾಮುಗಳನ್ನೂ ಒಟ್ಟಿಗೆ ತೆರೆಯಿರಿ. ಕೋರೆಲ್‌ಡ್ರಾದಲ್ಲಿ ದೊಡ್ಡ ಫ್ಲೆಕ್ಸ್ ವಿನ್ಯಾಸ, ಫೋಟೊಶಾಪಿನಲ್ಲಿ ಆಲ್ಬಮ್ ಪುಟ, ಬ್ರೌಸರಿನಲ್ಲಿ ಹತ್ತು ಟ್ಯಾಬ್ ಎಂದಿಟ್ಟುಕೊಳ್ಳಿ. ಟಾಸ್ಕ್ ಮ್ಯಾನೇಜರಿನ ಪರ್ಫಾರ್ಮನ್ಸ್ ಪುಟದಲ್ಲಿ ಮೆಮೊರಿ ಆರಿಸಿ, "ಅವೇಲಬಲ್" ಎದುರಿನ ಅಂಕಿಯನ್ನು ಬರೆದುಕೊಳ್ಳಿ. ಅದರ ಅರ್ಧಕ್ಕಿಂತ ಹೆಚ್ಚನ್ನು ರ‍್ಯಾಮ್ ಡಿಸ್ಕಿಗೆ ಕೊಡಬಾರದು ಎಂಬುದು ನಾನು ಪಾಲಿಸುವ ನಿಯಮ. ಈ ಲೆಕ್ಕದಲ್ಲಿ 8 ಜಿಬಿಯ ಯಂತ್ರಕ್ಕೆ 1 ಜಿಬಿ ಸಿಗುವುದೂ ಕಷ್ಟ, ಅಂತಹ ಯಂತ್ರದಲ್ಲಿ ರ‍್ಯಾಮ್ ಡಿಸ್ಕ್ ಬೇಡವೆಂದೇ ಹೇಳುತ್ತೇನೆ. 16 ಜಿಬಿ ಇದ್ದರೆ 2 ಜಿಬಿಯಿಂದ ಆರಂಭಿಸಬಹುದು.

ಟಾಸ್ಕ್ ಮ್ಯಾನೇಜರಿನ ಪ್ರೊಸೆಸ್ ಪಟ್ಟಿಯನ್ನೆಲ್ಲ ಕೂಡಿಸಿದರೂ ಬಳಕೆಯ ಮೊತ್ತಕ್ಕೆ ತಾಳೆಯಾಗದಿದ್ದರೆ ಗಾಬರಿಯಾಗಬೇಡಿ. ರ‍್ಯಾಮ್ ಡಿಸ್ಕಿನ ಮೆಮೊರಿಯನ್ನು ಡ್ರೈವರ್ ಹಿಡಿದಿಟ್ಟುಕೊಂಡಿದ್ದರೆ ಅದು ಯಾವ ಪ್ರೋಗ್ರಾಮಿನ ಹೆಸರಿನಲ್ಲೂ ಕಾಣುವುದಿಲ್ಲ. ಕೆಲವು ಸಾಧನಗಳಲ್ಲಿ ಅದು "ನಾನ್-ಪೇಜ್ಡ್ ಪೂಲ್" ಅಂಕಿಯಲ್ಲಿ ಕಾಣಿಸುತ್ತದೆ.

ಗಾತ್ರ ಹೆಚ್ಚಾಗಿದೆ ಎಂಬುದರ ಮುನ್ಸೂಚನೆಗಳನ್ನು ಗಮನಿಸಿ. ಮೆಮೊರಿ ಬಳಕೆ ಸದಾ ಶೇಕಡಾ 85ರ ಮೇಲೆ ನಿಂತಿರುವುದು, ಏನೂ ಮಾಡದಿದ್ದಾಗಲೂ ಡಿಸ್ಕಿನ ದೀಪ ಒಂದೇ ಸಮನೆ ಮಿನುಗುವುದು, ಒಂದು ಪ್ರೋಗ್ರಾಮಿನಿಂದ ಇನ್ನೊಂದಕ್ಕೆ ಹೋಗುವಾಗ ತೆರೆ ಅರೆಗಳಿಗೆ ಸ್ತಬ್ಧವಾಗುವುದು ಅಂಥವು. ಪೇಜ್ ಫೈಲನ್ನೇ ರ‍್ಯಾಮ್ ಡಿಸ್ಕಿನಲ್ಲಿ ಇಡುವ ಸಲಹೆಯನ್ನು ಯಾರಾದರೂ ಕೊಟ್ಟರೆ ಒಪ್ಪಬೇಡಿ.

ಹಂತ 5: ಟೆಂಪ್ ದಾರಿಯನ್ನು ಪರೀಕ್ಷಿಸಿ

"ತಾತ್ಕಾಲಿಕ ಫೈಲ್ ಬರೆಯಲು ಆಗುತ್ತಿಲ್ಲ, ಟೆಂಪ್ ಫೋಲ್ಡರ್ ಸರಿಯಾಗಿಲ್ಲ" ಎಂಬ ಅರ್ಥದ ಸಂದೇಶವನ್ನು ಇನ್‌ಸ್ಟಾಲರ್ ತೋರಿಸಿದರೆ ತೊಂದರೆ ಆ ಸಾಫ್ಟ್‌ವೇರಿನದಲ್ಲ. ರ‍್ಯಾಮ್ ಡಿಸ್ಕ್ ಸಾಮಾನ್ಯವಾಗಿ ಪ್ರತಿ ಸಲವೂ ಖಾಲಿಯಾಗಿ ಹುಟ್ಟುತ್ತದೆ. ಉದಾಹರಣೆಗೆ ರ‍್ಯಾಮ್ ಡಿಸ್ಕಿಗೆ ಆರ್ ಅಕ್ಷರ ಕೊಟ್ಟಿದ್ದರೆ, ಆರ್ ಡ್ರೈವಿನ ಟೆಂಪ್ ಫೋಲ್ಡರಿಗೆ ಬರೆಯಿರಿ ಎಂದು ವಿಂಡೋಸ್‌ಗೆ ಹೇಳಿರುತ್ತೀರಿ, ಆದರೆ ಆರ್ ಡ್ರೈವಿನೊಳಗೆ ಆ ಫೋಲ್ಡರ್ ಇನ್ನೂ ಹುಟ್ಟಿಯೇ ಇರುವುದಿಲ್ಲ.

ಸದ್ಯಕ್ಕೆ ಆ ಫೋಲ್ಡರನ್ನು ಕೈಯಿಂದಲೇ ರಚಿಸಿ. ಶಾಶ್ವತ ಪರಿಹಾರಕ್ಕೆ ನಿಮ್ಮ ರ‍್ಯಾಮ್ ಡಿಸ್ಕ್ ಸಾಧನದಲ್ಲಿ ಟೆಂಪ್ ಫೋಲ್ಡರನ್ನು ತಾನಾಗಿ ರಚಿಸುವ ಆಯ್ಕೆ ಇದೆಯೇ ನೋಡಿ. ಇಮ್‌ಡಿಸ್ಕ್ ಟೂಲ್‌ಕಿಟ್‌ನಲ್ಲಿ ಇದೆ. ಇಲ್ಲದಿದ್ದರೆ ಫೋಲ್ಡರ್ ರಚಿಸುವ ಒಂದು ಸಾಲಿನ ಬ್ಯಾಚ್ ಫೈಲ್ ಬರೆದು, ಟಾಸ್ಕ್ ಶೆಡ್ಯೂಲರಿನ ಮೂಲಕ ಲಾಗಿನ್ ಆದಾಗ ನಡೆಯುವಂತೆ ಮಾಡಿ.

ನಂತರ, ಟೆಂಪ್ ಫೋಲ್ಡರ್ ಎಲ್ಲಿದೆ ಎಂಬಂತಹ ವಿವರಗಳನ್ನು ಪ್ರೋಗ್ರಾಮುಗಳಿಗೆ ತಿಳಿಸುವ ಎನ್ವಿರಾನ್‌ಮೆಂಟ್ ವೇರಿಯಬಲ್ಸ್ ಕಿಟಕಿಯನ್ನು ತೆರೆಯಿರಿ. ಮೇಲಿನ ಭಾಗದಲ್ಲಿ ನಿಮ್ಮ ಖಾತೆಗೆ ಸೇರಿದ ಟೆಂಪ್ ಮತ್ತು ಟಿಎಂಪಿ ಎಂಬ ಎರಡು ಸಾಲುಗಳಿರುತ್ತವೆ, ಕೆಳಗಿನ ಭಾಗದಲ್ಲಿ ಇಡೀ ಯಂತ್ರಕ್ಕೆ ಸೇರಿದ ಅದೇ ಹೆಸರಿನ ಎರಡು ಸಾಲುಗಳಿರುತ್ತವೆ. ಇಲ್ಲಿ ಆಗುವ ತಪ್ಪುಗಳು ಮೂರು.

ಮೊದಲನೆಯದು, ಟೆಂಪ್ ಮಾತ್ರ ಬದಲಿಸಿ ಟಿಎಂಪಿಯನ್ನು ಹಾಗೆಯೇ ಬಿಡುವುದು. ಪ್ರೋಗ್ರಾಮುಗಳಲ್ಲಿ ಕೆಲವು ಒಂದನ್ನು ಓದುತ್ತವೆ, ಕೆಲವು ಇನ್ನೊಂದನ್ನು. ಆದ್ದರಿಂದ ಎರಡೂ ಒಂದೇ ಜಾಗವನ್ನು ತೋರಿಸಬೇಕು.

ಎರಡನೆಯದು, ಕೆಳಗಿನ ಭಾಗದ ಸಾಲುಗಳನ್ನೂ ರ‍್ಯಾಮ್ ಡಿಸ್ಕಿಗೆ ತಿರುಗಿಸುವುದು. ಇದನ್ನು ಮಾಡಬೇಡಿ. ಕೆಲವು ಇನ್‌ಸ್ಟಾಲರ್‌ಗಳು ಅರ್ಧ ಕೆಲಸ ಮುಗಿಸಿ, ಯಂತ್ರ ಮತ್ತೆ ಶುರುವಾದ ಮೇಲೆ ಉಳಿದರ್ಧವನ್ನು ಮಾಡುತ್ತವೆ, ಆಗ ಮೊದಲು ಬಿಚ್ಚಿಟ್ಟ ಫೈಲ್‌ಗಳು ಇರಲೇಬೇಕು. ಜೊತೆಗೆ ವಿಂಡೋಸಿನ ಕೆಲವು ಸೇವೆಗಳು ರ‍್ಯಾಮ್ ಡಿಸ್ಕ್ ಸಿದ್ಧವಾಗುವ ಮೊದಲೇ ಎದ್ದು ಆ ಜಾಗವನ್ನು ಹುಡುಕಬಹುದು. ನಿಮ್ಮ ಖಾತೆಯ ಸಾಲುಗಳನ್ನೂ ದೊಡ್ಡ ಸಾಫ್ಟ್‌ವೇರ್ ಇನ್‌ಸ್ಟಾಲ್ ಮಾಡುವ ದಿನ ಎಸ್‌ಎಸ್‌ಡಿಗೆ ತಿರುಗಿಸಿ, ಕೆಲಸ ಮುಗಿದ ಮೇಲೆ ಹಿಂದಕ್ಕೆ ತನ್ನಿ. ಮುದ್ರಣಕ್ಕೆ ಕಾದಿರುವ ಕೆಲಸಗಳನ್ನು ಇಡುವ ಪ್ರಿಂಟರಿನ ಸ್ಪೂಲ್ ಫೋಲ್ಡರಿಗೂ ಇದೇ ಮಾತು ಅನ್ವಯಿಸುತ್ತದೆ: ಅದನ್ನು ರ‍್ಯಾಮ್ ಡಿಸ್ಕಿಗೆ ಒಯ್ದರೆ ಬೆಳಿಗ್ಗೆ ಪ್ರಿಂಟ್ ಹೊರಡದೆ ನಿಲ್ಲುವ ಸಂಭವವಿದೆ.

ಮೂರನೆಯದು, ಸಾಲುಗಳನ್ನು ಬದಲಿಸಿ ಅದಾಗಲೇ ತೆರೆದಿದ್ದ ಪ್ರೋಗ್ರಾಮಿನಲ್ಲಿ ಪರೀಕ್ಷಿಸಿ, ಆಗಲಿಲ್ಲವೆಂದು ಮತ್ತೆ ಬದಲಿಸುವುದು. ಪ್ರೋಗ್ರಾಮ್ ಈ ಸಾಲುಗಳಲ್ಲಿರುವ ಜಾಗವನ್ನು ತಾನು ಶುರುವಾಗುವಾಗ ಪಡೆದುಕೊಳ್ಳುತ್ತದೆ, ಓಡುತ್ತಿರುವ ಪ್ರೋಗ್ರಾಮಿಗೆ ಹೊಸ ಜಾಗ ತಿಳಿಯುವುದಿಲ್ಲ. ಸೈನ್ ಔಟ್ ಮಾಡಿ, ಮತ್ತೆ ಸೈನ್ ಇನ್ ಆಗಿ ನೋಡಿ.

ಫೋಲ್ಡರ್ ಇದ್ದರೂ ಬರೆಯಲು ಬಿಡದಿದ್ದರೆ ಅನುಮತಿಯನ್ನು ಪರಿಶೀಲಿಸಿ. ಅಡ್ಮಿನ್ ಖಾತೆಯಿಂದ ರಚಿಸಿದ ಎನ್‌ಟಿಎಫ್‌ಎಸ್ ಡ್ರೈವಿನಲ್ಲಿ ಕೆಲಸದ ಹುಡುಗರ ಖಾತೆಗೆ ಬರೆಯುವ ಹಕ್ಕು ಇಲ್ಲದಿರಬಹುದು. ಫೋಲ್ಡರಿನ ಸೆಕ್ಯುರಿಟಿ ಪುಟದಲ್ಲಿ ಯೂಸರ್ಸ್ ಗುಂಪಿಗೆ ಮಾಡಿಫೈ ಅನುಮತಿ ಕೊಡಿ. ಕೆಲಸ ಸುಲಭವಾಗಲೆಂದು ಟೆಂಪ್ ಫೋಲ್ಡರನ್ನು ಆ್ಯಂಟಿವೈರಸ್ ತಪಾಸಣೆಯಿಂದ ಹೊರಗಿಡಬೇಡಿ, ಗಿರಾಕಿಗಳ ಪೆನ್‌ಡ್ರೈವಿನಿಂದ ಬರುವ ಕೆಟ್ಟ ಪ್ರೋಗ್ರಾಮುಗಳು ಮೊದಲು ಬಿಚ್ಚಿಕೊಳ್ಳುವ ಜಾಗಗಳಲ್ಲಿ ಇದೂ ಒಂದು.

ಹಂತ 6: ಡ್ರೈವೇ ಕಾಣದಿದ್ದರೆ

ಕ್ಯಾಮೆರಾ ಕಾರ್ಡ್ ರೀಡರ್ ಇರುವ ಸ್ಟುಡಿಯೊಗಳಲ್ಲಿ ಮೊದಲು ಅಕ್ಷರದ ಘರ್ಷಣೆಯನ್ನು ನೋಡಿ. ಒಂದು ಕಾರ್ಡ್ ರೀಡರ್ ಮೂರು ನಾಲ್ಕು ಡ್ರೈವ್ ಅಕ್ಷರಗಳನ್ನು ಹಿಡಿಯಬಹುದು. ರ‍್ಯಾಮ್ ಡಿಸ್ಕಿಗೆ ಜಿ ಎಂದು ಕೊಟ್ಟಿದ್ದು, ಬೆಳಿಗ್ಗೆ ಕಾರ್ಡ್ ರೀಡರ್ ಮೊದಲು ಎದ್ದು ಜಿ ಹಿಡಿದರೆ ರ‍್ಯಾಮ್ ಡಿಸ್ಕಿಗೆ ಜಾಗವಿಲ್ಲ. ಅಕ್ಷರಮಾಲೆಯ ಕೊನೆಯ ಕಡೆಯ ಆರ್ ಅಥವಾ ಝಡ್ ಕೊಡಿ.

ಅದಲ್ಲದಿದ್ದರೆ ಇತ್ತೀಚೆಗೆ ವಿಂಡೋಸ್ ದೊಡ್ಡ ಅಪ್‌ಡೇಟ್ ಆಗಿದೆಯೇ ಕೇಳಿಕೊಳ್ಳಿ. ವಿಂಡೋಸ್ ಸೆಕ್ಯುರಿಟಿಯ ಕೋರ್ ಐಸೊಲೇಷನ್ ಅಡಿಯ ಮೆಮೊರಿ ಇಂಟೆಗ್ರಿಟಿ ಚಾಲೂ ಆಗಿದ್ದರೆ ಹಳೆಯ ಡ್ರೈವರ್‌ಗಳನ್ನು ಅದು ತಡೆಯಬಹುದು. ಆ ರಕ್ಷಣೆಯನ್ನು ಆಫ್ ಮಾಡುವುದು ಸುಲಭದ ದಾರಿಯಾಗಿ ಕಾಣುತ್ತದೆ, ನಾನು ಅದನ್ನು ಶಿಫಾರಸು ಮಾಡುವುದಿಲ್ಲ. ರ‍್ಯಾಮ್ ಡಿಸ್ಕ್ ಸಾಧನದ ಹೊಸ ಆವೃತ್ತಿಯನ್ನು ಹಾಕಿ. ಹೊಸ ಆವೃತ್ತಿ ಇಲ್ಲದಿದ್ದರೆ ಸಾಧನವನ್ನೇ ಬದಲಿಸಿ.

ಮೂರನೆಯ ಕಾರಣ ಫಾಸ್ಟ್ ಸ್ಟಾರ್ಟಪ್. ಇದು ಚಾಲೂ ಇದ್ದಾಗ "ಶಟ್ ಡೌನ್" ಒತ್ತಿದರೂ ವಿಂಡೋಸಿನ ಒಳಭಾಗ ಪೂರ್ತಿ ಮುಚ್ಚುವುದಿಲ್ಲ, ಅದರ ಸ್ಥಿತಿಯನ್ನು ಡಿಸ್ಕಿಗೆ ಬರೆದಿಟ್ಟು ಮರುದಿನ ಅಲ್ಲಿಂದ ಎದ್ದೇಳುತ್ತದೆ. "ರೀಸ್ಟಾರ್ಟ್" ಒತ್ತಿದಾಗ ಮಾತ್ರ ಪೂರ್ತಿ ಮುಚ್ಚಿ ತೆರೆಯುತ್ತದೆ. ರೀಸ್ಟಾರ್ಟಿನಲ್ಲಿ ಸರಿಯಾಗಿದ್ದು ರಾತ್ರಿ ಶಟ್ ಡೌನ್ ಮಾಡಿದ ಮರುದಿನ ಮಾತ್ರ ಕೆಡುವ ರ‍್ಯಾಮ್ ಡಿಸ್ಕ್ ಇದರ ಸ್ಪಷ್ಟ ಲಕ್ಷಣ. ಕಂಟ್ರೋಲ್ ಪ್ಯಾನೆಲಿನ ಪವರ್ ಆಪ್ಷನ್ಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ.

ಹಂತ 7: ಫೈಲ್‌ಗಳು ಕೆಡುತ್ತಿದ್ದರೆ ರ‍್ಯಾಮನ್ನೇ ಪರೀಕ್ಷಿಸಿ

ಜಿಪ್ ಬಿಚ್ಚುವಾಗ ಆಗಾಗ ದೋಷ ಬರುವುದು, ಚಿತ್ರಗಳಲ್ಲಿ ಬಣ್ಣದ ಪಟ್ಟಿಗಳು ಮೂಡುವುದು, ಒಂದನೆಯ ಹಂತದಲ್ಲಿ ಕಾಪಿ ಮಾಡಿದ ಫೈಲ್‌ಗಳು ತೆರೆಯದಿರುವುದು, ಇವುಗಳನ್ನು ಗಂಭೀರವಾಗಿ ತೆಗೆದುಕೊಳ್ಳಿ. 1 ಜಿಬಿಯಷ್ಟು ದೊಡ್ಡ ಫೈಲೊಂದನ್ನು ಎಸ್‌ಎಸ್‌ಡಿಯಿಂದ ರ‍್ಯಾಮ್ ಡಿಸ್ಕಿಗೆ ಕಾಪಿ ಮಾಡಿ, ಕಮಾಂಡ್ ಪ್ರಾಂಪ್ಟಿನ ಎಫ್‌ಸಿ ಆದೇಶದಿಂದ ಎರಡನ್ನೂ ಬೈನರಿ ವಿಧಾನದಲ್ಲಿ ಹೋಲಿಸಿ. ಹತ್ತು ಸಲ ಹೀಗೆ ಮಾಡಿದಾಗ ಒಂದೇ ಒಂದು ಸಲ ವ್ಯತ್ಯಾಸ ಬಂದರೂ ಆ ಯಂತ್ರದಲ್ಲಿ ಗಿರಾಕಿಗಳ ಕೆಲಸ ಮಾಡಬೇಡಿ.

ಬಯೋಸ್‌ನಲ್ಲಿ (ಯಂತ್ರ ಶುರುವಾಗುವಾಗ ತೆರೆಯುವ ಸೆಟ್ಟಿಂಗ್ಸ್) ರ‍್ಯಾಮನ್ನು ಹೆಚ್ಚು ವೇಗದಲ್ಲಿ ಓಡಿಸುವ ಎಕ್ಸ್‌ಎಂಪಿ ಮುಂತಾದ ಆಯ್ಕೆ ಚಾಲೂ ಇದ್ದರೆ ಅದನ್ನು ಆಫ್ ಮಾಡಿ ಮತ್ತೆ ಹೋಲಿಸಿ. ಇನ್ನೂ ವ್ಯತ್ಯಾಸವಿದ್ದರೆ ಯಂತ್ರ ಆರಿಸಿ, ವಿದ್ಯುತ್ ತಂತಿ ಕಿತ್ತು, ಮೈಯ ಸ್ಥಿರವಿದ್ಯುತ್ತನ್ನು ಲೋಹ ಮುಟ್ಟಿ ಕಳೆದುಕೊಂಡು ರ‍್ಯಾಮ್ ಪಟ್ಟಿಗಳನ್ನು ಹೊರತೆಗೆಯಿರಿ. ಸಕಲೇಶಪುರ, ಮೂಡಿಗೆರೆ ಕಡೆಯಿಂದ ಮಳೆಗಾಲದಲ್ಲಿ ಬರುವ ಯಂತ್ರಗಳಲ್ಲಿ ತೇವದಿಂದ ಚಿನ್ನದ ಬಣ್ಣದ ಅಂಚು ಮಂಕಾಗಿರುವುದನ್ನು ನೋಡಿದ್ದೇನೆ. ಮೆತ್ತನೆಯ ರಬ್ಬರಿನಿಂದ ಹಗುರಾಗಿ ಉಜ್ಜಿ, ಪುಡಿಯನ್ನು ಪೂರ್ತಿ ತೆಗೆದು, "ಟಕ್" ಎನ್ನುವವರೆಗೆ ಒತ್ತಿ ಕೂರಿಸಿ. ಆಮೇಲೆ ಮೆಮ್‌ಟೆಸ್ಟ್86ನ್ನು ರಾತ್ರಿಯಿಡೀ ಓಡಿಸಿ, ಅದರ ಉಚಿತ ಆವೃತ್ತಿ 4 ಸುತ್ತುಗಳವರೆಗೆ ಪರೀಕ್ಷಿಸುತ್ತದೆ. ದೋಷ ಕಂಡರೆ ಪಟ್ಟಿಗಳನ್ನು ಒಂದೊಂದಾಗಿ ಹಾಕಿ ಪರೀಕ್ಷಿಸಿ ಕೆಟ್ಟದ್ದನ್ನು ಬೇರ್ಪಡಿಸಿ. ಒಂದೇ ಒಂದು ದೋಷ ತಾನೆ ಎಂದು ಕ್ಷಮಿಸಬಾರದು.

ಹಂತ 8: ಲಿನಕ್ಸ್ ಬಳಸುವವರಿಗೆ

ಇಲ್ಲಿ ಬಳಕೆಯಾಗುವುದು ಸಾಮಾನ್ಯವಾಗಿ ಟಿಎಂಪಿಎಫ್‌ಎಸ್ (ಫೈಲ್‌ಗಳನ್ನು ಮೆಮೊರಿಯಲ್ಲಿ ಇಡುವ ಫೈಲ್ ಸಿಸ್ಟಮ್). ಗಾತ್ರ ಹೇಳದಿದ್ದರೆ ಅದು ಒಟ್ಟು ರ‍್ಯಾಮಿನ ಅರ್ಧವನ್ನು ಮಿತಿಯಾಗಿ ಇಟ್ಟುಕೊಳ್ಳುತ್ತದೆ. ಅಷ್ಟನ್ನೂ ಮೊದಲೇ ಹಿಡಿಯುವುದಿಲ್ಲ, ಫೈಲ್ ಬಂದಂತೆ ಬಳಸುತ್ತದೆ. ಡಿಎಫ್ ಆದೇಶದಲ್ಲಿ ಜಾಗ ಕಾಣುತ್ತಿದ್ದೂ "ಜಾಗವಿಲ್ಲ" ಎಂದರೆ ಅದೇ ಆದೇಶವನ್ನು ಐ ಆಯ್ಕೆಯೊಡನೆ ಕೊಟ್ಟು ಐನೋಡ್ (ಪ್ರತಿ ಫೈಲಿಗೆ ಒಂದರಂತೆ ಬೇಕಾಗುವ ದಾಖಲೆ) ಲೆಕ್ಕ ನೋಡಿ. ಲಕ್ಷಾಂತರ ಸಣ್ಣ ಫೈಲ್‌ಗಳು ಐನೋಡ್‌ಗಳನ್ನು ಮುಗಿಸಿರುತ್ತವೆ. ಅಳಿಸಿದರೂ ಜಾಗ ಮರಳದಿದ್ದರೆ ಯಾವುದೋ ಪ್ರೋಗ್ರಾಮ್ ಅಳಿಸಿದ ಫೈಲನ್ನು ಇನ್ನೂ ತೆರೆದಿಟ್ಟುಕೊಂಡಿದೆ, ಎಲ್‌ಎಸ್‌ಒಎಫ್ ಅದನ್ನು ತೋರಿಸುತ್ತದೆ. ರ‍್ಯಾಮ್‌ಎಫ್‌ಎಸ್ ಬಳಸಬೇಡಿ, ಅದಕ್ಕೆ ಮಿತಿಯೇ ಇಲ್ಲದ ಕಾರಣ ಇಡೀ ಮೆಮೊರಿಯನ್ನು ತಿಂದು ಯಂತ್ರವನ್ನು ನಿಲ್ಲಿಸಬಲ್ಲದು. ಲಿನಕ್ಸಿನ ಒಂದು ಬಗೆಯಾದ ಡೆಬಿಯನ್ನಿನಲ್ಲಿ, 2025ರ 13ನೆಯ ಆವೃತ್ತಿಯಿಂದ, ಟಿಎಂಪಿ ಫೋಲ್ಡರ್ ತಾನಾಗಿಯೇ ರ‍್ಯಾಮಿನಲ್ಲಿರುತ್ತದೆ. ರೀಸ್ಟಾರ್ಟ್ ಆದ ಮೇಲೂ ಬೇಕಾಗುವ ತಾತ್ಕಾಲಿಕ ಫೈಲ್‌ಗಳನ್ನು ವಾರ್ ಫೋಲ್ಡರಿನೊಳಗಿನ ಟಿಎಂಪಿಯಲ್ಲಿ (/var/tmp) ಇಡಿ.

ಹಂತ 9: ಕರೆಂಟು ಹೋಗುವ ಊರಿಗೆ ತಕ್ಕ ಏರ್ಪಾಡು

ಆಷಾಢ ಶ್ರಾವಣದ ಗಾಳಿಮಳೆಗೆ ನಮ್ಮ ಜಿಲ್ಲೆಯಲ್ಲಿ ಕರೆಂಟು ದಿನಕ್ಕೆ ಎಷ್ಟು ಸಲ ಹೋಗುತ್ತದೆಂದು ಹೇಳಲಾಗದು. ಕೆಲವು ಸಾಧನಗಳು ಮುಚ್ಚುವಾಗ ರ‍್ಯಾಮ್ ಡಿಸ್ಕಿನ ಪ್ರತಿಯನ್ನು ಹಾರ್ಡ್ ಡಿಸ್ಕಿಗೆ ಬರೆಯುತ್ತವೆ. ಅದನ್ನು ನಂಬಿ ಕೂರಬೇಡಿ. ಸೆಕೆಂಡಿಗೆ 100 ಎಂಬಿ ಬರೆಯುವ ಹಾರ್ಡ್ ಡಿಸ್ಕಿಗೆ 4 ಜಿಬಿ ಸಾಗಿಸಲು 40 ಸೆಕೆಂಡ್ ಬೇಕು. ಹಳೆಯ ಬ್ಯಾಟರಿಯ ಯುಪಿಎಸ್ ಅಷ್ಟು ಹೊತ್ತು ನಿಲ್ಲುವುದೆಂಬ ಖಾತ್ರಿಯಿಲ್ಲ. ಯುಪಿಎಸ್ ಎಷ್ಟು ನಿಮಿಷ ಹಿಡಿಯುತ್ತದೆಂದು ಕೆಲಸವಿಲ್ಲದ ಭಾನುವಾರ ಗೋಡೆಯ ಸ್ವಿಚ್ ಆರಿಸಿ, ಗಡಿಯಾರ ನೋಡಿ ಅಳೆಯಿರಿ. ಅದಕ್ಕಿಂತ ಮುಖ್ಯವಾಗಿ, ಪ್ರತಿಯೊಂದು ಸಾಫ್ಟ್‌ವೇರಿನ ಆಟೊ ಬ್ಯಾಕಪ್ ಜಾಗವನ್ನು ತೆರೆದು ನೋಡಿ, ರ‍್ಯಾಮ್ ಡಿಸ್ಕಿಗೆ ತೋರಿಸುತ್ತಿದ್ದರೆ ಇಂದೇ ಎಸ್‌ಎಸ್‌ಡಿಗೆ ಬದಲಿಸಿ.

ಹಂತ 10: ತೆಗೆದುಹಾಕುವುದೇ ಸರಿಯೆನಿಸಿದರೆ

ಇಷ್ಟೆಲ್ಲ ಮಾಡಿಯೂ ಒಂದೇ ತೊಂದರೆ ಮೂರನೆಯ ಸಲ ಬಂದರೆ ರ‍್ಯಾಮ್ ಡಿಸ್ಕ್ ತೆಗೆಯಿರಿ. ಎನ್‌ವಿಎಂಇ ಎಂಬ ಅತಿ ವೇಗದ ಬಗೆಯ ಎಸ್‌ಎಸ್‌ಡಿ ಇರುವ ಯಂತ್ರದಲ್ಲಿ ದಿನನಿತ್ಯದ ಡಿಟಿಪಿ ಕೆಲಸಕ್ಕೆ ಅದರಿಂದ ಸಿಗುವ ಲಾಭ ಕೈಗೆ ಎಟುಕುವಷ್ಟಿಲ್ಲ.

ತೆಗೆಯುವುದಕ್ಕೂ ಕ್ರಮವಿದೆ. ಮೊದಲು ನಿಮ್ಮ ಖಾತೆಯ ಟೆಂಪ್ ಮತ್ತು ಟಿಎಂಪಿ ಸಾಲುಗಳನ್ನು ಹಳೆಯ ಜಾಗಕ್ಕೆ, ಅಂದರೆ ಬಳಕೆದಾರರ ಫೋಲ್ಡರಿನ ಆಪ್‌ಡೇಟಾದೊಳಗಿನ ಲೋಕಲ್‌ನಲ್ಲಿರುವ ಟೆಂಪ್ ಫೋಲ್ಡರಿಗೆ ತಿರುಗಿಸಿ. ಬ್ರೌಸರ್ ಕ್ಯಾಶ್, ಸ್ಕ್ರ್ಯಾಚ್ ಡಿಸ್ಕ್, ಸ್ಪೂಲ್ ಫೋಲ್ಡರ್ ಮುಂತಾಗಿ ಬೇರೆ ಏನನ್ನಾದರೂ ಅಲ್ಲಿಗೆ ತೋರಿಸಿದ್ದರೆ ಅವನ್ನೂ ಹಿಂದಕ್ಕೆ ತನ್ನಿ. ಸೈನ್ ಔಟ್ ಆಗಿ ಬಂದು, ಒಂದು ದಿನ ಕೆಲಸ ಮಾಡಿ, ರ‍್ಯಾಮ್ ಡಿಸ್ಕಿನೊಳಗೆ ಹೊಸದಾಗಿ ಏನೂ ಬೀಳುತ್ತಿಲ್ಲವೆಂದು ಖಚಿತಪಡಿಸಿಕೊಳ್ಳಿ. ಅದರ ನಂತರವೇ ಸಾಧನವನ್ನು ಅನ್‌ಇನ್‌ಸ್ಟಾಲ್ ಮಾಡಿ ಯಂತ್ರವನ್ನು ರೀಸ್ಟಾರ್ಟ್ ಮಾಡಿ. ಇದನ್ನು ತಿರುಗುಮುರುಗು ಮಾಡಿ ಮೊದಲೇ ಸಾಧನವನ್ನು ಕಿತ್ತರೆ ಟೆಂಪ್ ಸಾಲು ಇಲ್ಲದ ಡ್ರೈವನ್ನು ತೋರಿಸುತ್ತಿರುತ್ತದೆ, ಆಗ ಅದೇ ಸಾಧನವನ್ನು ಮತ್ತೆ ಹಾಕಲು ಹೋದರೂ ಅದರ ಇನ್‌ಸ್ಟಾಲರ್ ಟೆಂಪ್ ಫೋಲ್ಡರ್ ಸಿಗಲಿಲ್ಲವೆಂದು ನಿಲ್ಲಬಹುದು. ಹಾಗೆ ಸಿಕ್ಕಿಬಿದ್ದರೆ ಎನ್ವಿರಾನ್‌ಮೆಂಟ್ ವೇರಿಯಬಲ್ಸ್ ಕಿಟಕಿಗೆ ಹೋಗಿ ಆ ಎರಡು ಸಾಲುಗಳನ್ನು ಸರಿಪಡಿಸಿ, ಸೈನ್ ಔಟ್ ಆಗಿ ಬಂದು ಮುಂದುವರಿಯಿರಿ.